ಚಕ್ಕುಲಿಗೆ ಶೇಂಗಾ ಹಾಕೇ ಇಲ್ಲ, ಆದ್ರೂ ಲೇಬಲ್ ಮೇಲೆ ಯಾಕೆ ಬರೀಬೇಕು?

ಪ್ರಶ್ನೆ: ಮೇಡಮ್ರೀ, ನಾವು ಧಾರವಾಡದಾಗ ಮನ್ಯಾಗ ಶೇಂಗಾ ಚಟ್ನಿಪುಡಿ, ಬೆಣ್ಣಿ ಚಕ್ಲಿ, ಅಂಟಿನ ಉಂಡಿ ಮಾಡಿ ಮಾರ್ತೀವಿ. ನಮ್ಮ ಅತ್ತಿ, ನಾನು, ಇನ್ನಿಬ್ರು ಹೆಣ್ಮಕ್ಳು ಅದೀವಿ. ಇಷ್ಟು ದಿನ ಕವರ್ ಮ್ಯಾಲೆ ಹೆಸರು, ಫೋನ್ ನಂಬರ್ ಇಷ್ಟ ಹಾಕ್ತಿದ್ವಿ. ಹೋದ ತಿಂಗಳು ಬೆಂಗಳೂರಿನ ಒಬ್ಬ ಕಸ್ಟಮರ್ ಫೋನ್ ಮಾಡಿ, ನಿಮ್ಮ ಚಕ್ಲಿ ತಿಂದು ಮಗನ ತುಟಿ ಬಾತು ಮೈಯೆಲ್ಲಾ ತುರಿಕಿ ಆತು, ಅವಂಗ ಶೇಂಗಾ ಅಲರ್ಜಿ ಐತಿ ಅಂದ್ರು. ದವಾಖಾನಿಗೆ ತೋರ್ಸಿದ ಮ್ಯಾಲೆ ಆರಾಮ ಆಗ್ಯಾನಂತ. ಆದ್ರ ನಾವು ಚಕ್ಲಿಗೆ ಶೇಂಗಾ ಹಾಕೂದೇ ಇಲ್ಲ. ಈಗ ಅಂಗಡಿಯವ್ರೂ ಲೇಬಲ್ ಬೇಕು ಅಂತಾರ, ಲಂಡನ್ನಿನಾಗ ಇರೋ ನಾದಿನಿ ಅಲ್ಲಿ ಒಂದು ಅಂಗಡಿಗೆ ಕೊಡೋಣು ಅಂತಾಳ. ಏನೇನು ಬರೀಬೇಕ್ರಿ? ಎಲ್ಲಾ ಬರದ್ರ ನಮ್ಮ ಗುಟ್ಟು ಹೊರಗ ಹೋಗ್ತೈತಿ ಅಂತ ಅತ್ತಿಯವ್ರು ಬ್ಯಾಡ ಅಂತಾರ.

ಉತ್ತರ: ಮೊದಲು ಆ ಹುಡುಗನ ವಿಷಯ. ಆರಾಮಾಗಿದಾನಲ್ಲ, ಅದು ದೊಡ್ಡದು. ಅಲರ್ಜಿ ಅಂದ್ರೆ ಬರೀ ತುರಿಕೆ ಅಂತ ನಮ್ಮ ಕಡೆ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ಉಸಿರಾಟ ಕಟ್ಟಿ ಬಿಪಿ ಇಳಿದು ಕೆಲವೇ ನಿಮಿಷದಲ್ಲಿ ಜೀವಕ್ಕೇ ಬರಬಹುದು. ಅದಕ್ಕೇ ಆ ತಾಯಿ ಫೋನ್ ಮಾಡಿದ್ದು ಕಂಪ್ಲೇಂಟ್ ಅಂತ ತಗೋಬೇಡಿ. ಎಷ್ಟೋ ಜನ ಫೋನೂ ಮಾಡಲ್ಲ, ಸುಮ್ನೆ ನಿಮ್ಮ ಹತ್ರ ತಗೊಳೋದು ಬಿಟ್ಟುಬಿಡ್ತಾರೆ ಅಷ್ಟೇ.

"ನಾವು ಶೇಂಗಾ ಹಾಕೂದೇ ಇಲ್ಲ" ಅಂತ ಬರೆದಿದೀರಿ. ನಂಬ್ತೀನಿ. ಆದ್ರೆ ನಿಮ್ಮ ಪತ್ರ ಓದ್ತಾ ನನಗೆ ಬಂದ ಮೊದಲ ಪ್ರಶ್ನೆ, ಚಟ್ನಿಪುಡಿ ಕುಟ್ಟೋ ಮಿಕ್ಸಿ ಜಾರ್‌ನಲ್ಲೇ ಚಕ್ಕುಲಿಯ ಹುರಿಗಡಲೆನೂ ಪುಡಿ ಮಾಡ್ತೀರಾ? ಎರಡನೇದು, ಚಕ್ಕುಲಿ ಕರಿಯೋದು ಯಾವ ಎಣ್ಣೇಲಿ? ಧಾರವಾಡದ ಕಡೆ ಅಂದ್ಮೇಲೆ ಶೇಂಗಾ ಎಣ್ಣೆನೇ ಇರತ್ತೆ, ಅದೂ ಗಾಣದ್ದು ಇರಬಹುದು. ಮೂರನೇದು, ಕರಿದ ಚಕ್ಕುಲಿ ಆರಕ್ಕೆ ಹರಡೋ ಬುಟ್ಟಿ, ಪ್ಯಾಕ್ ಮಾಡೋ ಟೇಬಲ್ಲು, ಕೈಯಲ್ಲಿರೋ ಗ್ಲೌಸು, ತಕ್ಕಡಿ ತಟ್ಟೆ, ಇವೆಲ್ಲ ಬೇರೆ ಬೇರೆನಾ? ಇವುಗಳಲ್ಲಿ ಒಂದಕ್ಕೆ "ಇಲ್ಲಾ, ಎರಡಕ್ಕೂ ಅದೇ" ಅಂತ ಉತ್ತರ ಬಂದ್ರೂ ಸಾಕು, ಚಕ್ಕುಲಿ ಒಳಗೆ ಶೇಂಗಾ ಹೋಗಿರತ್ತೆ. ರೆಸಿಪಿ ಪುಸ್ತಕದಲ್ಲಿ ಇರಲ್ಲ, ಚಕ್ಕುಲೀಲಿ ಇರತ್ತೆ.

ಇದೇ ಲೇಬಲ್‌ನ ಮುಖ್ಯ ವಿಷಯ, ಮಿಕ್ಕಿದ್ದೆಲ್ಲ ಆಮೇಲೆ. ಲೇಬಲ್ ಅನ್ನೋದನ್ನ ರೆಸಿಪಿ ನೋಡಿ ಬರೀಬಾರದು, ಅಡುಗೆಮನೆ ನೋಡಿ ಬರೀಬೇಕು. ಡಿಟಿಪಿ ಅಂಗಡಿಗೆ ಹೋಗಿ "ಒಂದು ಚೆಂದ ಲೇಬಲ್ ಮಾಡಿಕೊಡಿ" ಅನ್ನೋ ಮುಂಚೆ ಒಂದು ನೋಟ್‌ಬುಕ್ ತಗೊಂಡು ನಿಮ್ಮ ಶೆಲ್ಫ್ ಮುಂದೆ ಕೂತ್ಕೊಳ್ಳಿ. ಅಂಗಡಿಯಿಂದ ತಂದ ಪ್ರತಿ ಪ್ಯಾಕೆಟ್ಟನ್ನ ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ಓದಿ. ಓದಿದ್ದನ್ನ ಬರ್ಕೊಳ್ಳಿ.

ಇಂಗಿನ ಡಬ್ಬಿಯಿಂದ ಶುರು ಮಾಡಿ.

ಯಾಕೆ ಇಂಗು ಅಂದ್ರೆ ನಾನೇ ಅದರಲ್ಲಿ ಬಿದ್ದಿದೀನಿ. ಸುಮಾರು ವರ್ಷದ ಹಿಂದೆ ಒಂದು ಸ್ವಸಹಾಯ ಸಂಘದವರಿಗೆ ರಾಗಿ ಚಕ್ಕುಲಿಗೆ ಲೇಬಲ್ ಬರೆದುಕೊಟ್ಟೆ. ರಾಗಿ ಹಿಟ್ಟು, ಅಕ್ಕಿ ಹಿಟ್ಟು, ಎಣ್ಣೆ, ಉಪ್ಪು, ಜೀರಿಗೆ, ಇಂಗು. ಗೋಧಿ ಎಲ್ಲೂ ಇಲ್ಲ ಅಂತ ನಾನೇ ಧೈರ್ಯವಾಗಿ ಅಲರ್ಜಿ ಸಾಲು ಖಾಲಿ ಬಿಟ್ಟೆ. ಎರಡು ಸಾವಿರ ಸ್ಟಿಕ್ಕರ್ ಪ್ರಿಂಟ್ ಆಗಿ ಬಂತು. ಪ್ಯಾಕಿಂಗ್ ದಿನ ಅಲ್ಲಿದ್ದ ಒಬ್ಬ ಹುಡುಗಿ, ಪಿಯುಸಿ ಓದೋಳು, ಇಂಗಿನ ಡಬ್ಬಿ ಕೈಯಲ್ಲಿ ಹಿಡ್ಕೊಂಡು "ಆಂಟಿ ಇದರಲ್ಲಿ ಗೋಧಿ ಹಿಟ್ಟು ಅಂತ ಇದೆಯಲ್ಲ" ಅಂದ್ಲು. ನಾನು ಕೆಂಪಾದೆ. ಅಷ್ಟೂ ಸ್ಟಿಕ್ಕರ್ ರದ್ದಿಗೆ.

ಆಗೋದೇನಂದ್ರೆ, ನಾವು ಅಡುಗೆಗೆ ಹಾಕೋ ಇಂಗು ಬರೀ ಇಂಗಲ್ಲ. ಅಸಲಿ ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರೋ ಒಂದು ಗಿಡದ ಹಾಲು, ಒಣಗಿದ ಮೇಲೆ ಅದರ ವಾಸನೆ ಎಷ್ಟು ಘಾಟು ಅಂದ್ರೆ ಹಾಗೇ ಬಳಸಕ್ಕಾಗಲ್ಲ. ಅದಕ್ಕೆ ಅರಬಿಕ್ ಗೋಂದು, ಸ್ಟಾರ್ಚು, ಗೋಧಿ ಹಿಟ್ಟೋ ಮೈದಾನೋ ಅಕ್ಕಿ ಹಿಟ್ಟೋ ಸೇರಿಸಿ ಹದ ಮಾಡಿ ಮಾರ್ತಾರೆ. ಅದನ್ನೇ ಕಾಂಪೌಂಡೆಡ್ ಇಂಗು ಅನ್ನೋದು, ಕಾನೂನಿನ ಪ್ರಕಾರ ಸರಿಯಾದ ಮಾಲೇ, ಕಲಬೆರಕೆ ಅಲ್ಲ. ಆದ್ರೆ ಗೋಧಿ ಹಿಟ್ಟಿನ ಇಂಗು ಹಾಕಿದ ಅಕ್ಕಿ ಚಕ್ಕುಲಿ, ಅಕ್ಕಿ ಹಪ್ಪಳ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ಎಲ್ಲದರಲ್ಲೂ ಗೋಧಿ ಬಂತು. ಸೀಲಿಯಾಕ್ ಅಂತ, ಗೋಧಿ ತಿಂದ್ರೆ ಕರುಳಿಗೆ ಪೆಟ್ಟಾಗೋ ಕಾಯಿಲೆ ಇರೋರಿಗೆ ಇದು ಚಿಟಿಕೆ ಅಂತ ಬಿಡೋ ವಿಷಯ ಅಲ್ಲ. ಅಕ್ಕಿ ಹಿಟ್ಟು ಸೇರಿಸಿದ ಇಂಗೂ ಸಿಗತ್ತೆ, ಡಬ್ಬಿ ಹಿಂದೆ ನೋಡಿ ತಗೊಳ್ಳಿ, ಮಧ್ಯ ಬ್ರ್ಯಾಂಡ್ ಬದಲಾಯಿಸಿದ್ರೆ ಮತ್ತೆ ನೋಡಿ.

ಇಂಗು ಆದ್ಮೇಲೆ ಹಿಟ್ಟಿನ ಗಿರಣಿ. ಅಕ್ಕಿ ನೀವೇ ತೊಳೆದು ಒಣಗಿಸಿ ಓಣಿ ಗಿರಣಿಗೆ ಕಳಿಸ್ತೀರಿ ಅಂದ್ಕೊಳ್ತೀನಿ. ನಿಮ್ಮ ಅಕ್ಕಿ ಬೀಳೋ ಮುಂಚೆ ಆ ಕಲ್ಲಲ್ಲಿ ಏನು ಬೀಸಿದ್ರು? ಹೆಚ್ಚಾಗಿ ಗೋಧಿ. ಗಿರಣಿಯವರು ಒಂದು ಮುಷ್ಟಿ ನಿಮ್ಮ ಅಕ್ಕಿನೇ ಹಾಕಿ "ಕಲ್ಲು ತೊಳೀತು" ಅಂತಾರಲ್ಲ, ಅದು ಬಣ್ಣಕ್ಕೆ ರುಚಿಗೆ ಸಾಕು, ಗೋಧಿ ಅಲರ್ಜಿಗೆ ಸಾಕಾಗಲ್ಲ. ಹಾಗಾಗಿ ಅಕ್ಕಿ ಪದಾರ್ಥ ಆದ್ರೂ "ಗೋಧಿ ಇರಬಹುದು" ಅಂತ ಬರೀಬೇಕಾಗತ್ತೆ, ಇಲ್ಲಾ ಮನೇಲೇ ಒಂದು ಸಣ್ಣ ಹಿಟ್ಟಿನ ಮಷಿನ್ ಇಟ್ಕೊಂಡು ಅದರಲ್ಲಿ ಅಕ್ಕಿ ಬೇಳೆ ಬಿಟ್ಟು ಬೇರೇನೂ ಬೀಸಬಾರದು.

ಮೂರನೇದು ಅಂಟಿನ ಉಂಡಿ ಡಬ್ಬ. ಇದರಲ್ಲಿ ಬಾದಾಮಿ ಗೋಡಂಬಿ ಇದೆ ಅಂತ ಎಲ್ಲರಿಗೂ ಕಾಣತ್ತೆ, ತುಪ್ಪ ಇದ್ರೆ ಹಾಲಿನ ಪದಾರ್ಥ ಅಂತಲೂ ಗೊತ್ತಾಗತ್ತೆ. ಯಾರೂ ನೋಡದೇ ಇರೋದು ದ್ರಾಕ್ಷಿ ಮತ್ತು ಬೆಲ್ಲ. ಹೊಂಬಣ್ಣದ ಒಣ ದ್ರಾಕ್ಷಿಗೆ ಬಣ್ಣ ಕಪ್ಪಾಗದೇ ಇರಲಿ ಅಂತ ಗಂಧಕದ ಹೊಗೆ ಕೊಡ್ತಾರೆ, ಬೆಲ್ಲ ತಿಳಿ ಹಳದಿ ಬರಲಿ ಅಂತ ಆಲೆಮನೇಲಿ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ರಾಸಾಯನಿಕ ಹಾಕೋದು ನಮ್ಮ ರಾಜ್ಯದಲ್ಲಿ ಗೊತ್ತಿರೋ ವಿಷಯನೇ. ಎರಡರಿಂದಲೂ ಸಲ್ಫೈಟ್ ಅನ್ನೋ ಗಂಧಕದ ಅಂಶ ಉಳಿಯತ್ತೆ. ಅಸ್ತಮಾ ಇರೋ ಕೆಲವರಿಗೆ ಅದು ಆಗಲ್ಲ. ಸಲ್ಫೈಟ್ ಒಂದು ಕೆಜಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ರೆ ಲೇಬಲ್ ಮೇಲೆ ಹೇಳಲೇಬೇಕು ಅಂತ ನಿಯಮ ಇದೆ. ಕಣ್ಣಲ್ಲಿ ನೋಡಿ 10 ಮಿಲಿಗ್ರಾಂ ಗೊತ್ತಾಗಲ್ಲ ನಿಜ, ಅದಕ್ಕೆ ದ್ರಾಕ್ಷಿ ಪ್ಯಾಕೆಟ್ ಹಿಂದೆ ಸಲ್ಫರ್ ಡೈಆಕ್ಸೈಡ್ ಅಂತನೋ ಅದರದೇ ಸಂಖ್ಯೆ ಐಎನ್‌ಎಸ್ 220 ಅಂತನೋ ಇದೆಯಾ ನೋಡಿ, ಬೆಲ್ಲ ಕಪ್ಪಗಿರೋದನ್ನೇ ಗೊತ್ತಿರೋ ಕಡೆಯಿಂದ ತಗೊಳ್ಳಿ. ಲೂಸ್ ತಂದ್ರೆ ಅದರ ಹುಟ್ಟು ನಿಮಗೇ ಗೊತ್ತಿರಲ್ಲ, ಕೊಳ್ಳೋರಿಗೆ ಏನು ಹೇಳ್ತೀರಿ?

ಈಗ ಕಾನೂನಿಗೆ ಬರೋಣ. ನಮ್ಮಲ್ಲಿ ಈಗ ನಡೀತಿರೋದು ಎಫ್‌ಎಸ್‌ಎಸ್‌ಎಐ ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವರ 2020ರ ಲೇಬಲಿಂಗ್ ಮತ್ತು ಡಿಸ್‌ಪ್ಲೇ ನಿಯಮಗಳು. ಅದರಲ್ಲಿ ಅಲರ್ಜಿ ತರೋ ಪದಾರ್ಥ ಅಂತ 8 ಗುಂಪು ಹೇಳಿದಾರೆ: ಗ್ಲುಟನ್ ಅನ್ನೋ ಪ್ರೊಟೀನ್ ಇರೋ ಧಾನ್ಯ ಅಂದ್ರೆ ಗೋಧಿ, ಬಾರ್ಲಿ, ರೈ, ಓಟ್ಸ್ ಅಂಥವು, ಸೀಗಡಿ ಏಡಿ ಜಾತಿ, ಹಾಲು ಮತ್ತು ಹಾಲಿನ ಪದಾರ್ಥ, ಮೊಟ್ಟೆ, ಮೀನು, ಶೇಂಗಾ ಮತ್ತು ಬಾದಾಮಿ ಗೋಡಂಬಿ ಥರದ ನಟ್ಸ್, ಸೋಯಾ, ಆಮೇಲೆ ಮೇಲೆ ಹೇಳಿದ ಸಲ್ಫೈಟ್. ಇವುಗಳಲ್ಲಿ ನೀವು ಹಾಕಿದ್ದನ್ನ ಪದಾರ್ಥಗಳ ಪಟ್ಟೀಲಿ ಬರೆದ್ರೆ ಮುಗೀಲಿಲ್ಲ, "ಕಂಟೇನ್ಸ್", ಅಂದ್ರೆ "ಇದೆ", ಅಂತ ಹಾಕಿ ಬೇರೆ ಸಾಲಲ್ಲಿ ಇನ್ನೊಂದು ಸಲ ಬರೀಬೇಕು. ಹಾಕಿಲ್ಲ, ಆದ್ರೆ ಅದೇ ಜಾಗದಲ್ಲಿ ಬೇರೆ ಮಾಲಿಂದ ಸೇರೋ ಸಾಧ್ಯತೆ ಇದೆ ಅಂದ್ರೆ "ಮೇ ಕಂಟೇನ್", ಅಂದ್ರೆ "ಇರಬಹುದು", ಅಂತ.

ಇದರಲ್ಲಿ ಎಣ್ಣೆಗೆ ಒಂದು ರಿಯಾಯ್ತಿ ಇದೆ, ಈ ಪದಾರ್ಥಗಳಿಂದ ತೆಗೆದ ಎಣ್ಣೆಗೆ ಅಲರ್ಜಿ ಸಾಲು ಕಡ್ಡಾಯ ಅಲ್ಲ. ಕಾಗದದ ಮೇಲೆ ಸರಿ. ರಿಫೈನ್ಡ್ ಶೇಂಗಾ ಎಣ್ಣೇಲಿ ಪ್ರೊಟೀನ್ ಬಹುಪಾಲು ಹೋಗಿರತ್ತೆ, ಅಲರ್ಜಿ ತರೋದು ಆ ಪ್ರೊಟೀನೇ. ಆದ್ರೆ ಗಾಣದ ಎಣ್ಣೆ ಸೋಸಿದ್ರೂ ಮಡ್ಡಿ ಇರತ್ತಲ್ಲ, ತಳದಲ್ಲಿ ಕೂರತ್ತಲ್ಲ, ಅದು ಶೇಂಗಾನೇ. ಹಾಗಾಗಿ ಗಾಣದ ಎಣ್ಣೇಲಿ ಕರೀತೀರಿ ಅಂದ್ರೆ ನನ್ನ ಮಾತು ಕೇಳಿ, ರಿಯಾಯ್ತಿ ಬಿಡಿ, ಚಕ್ಕುಲಿ ಮೇಲೆ ಶೇಂಗಾ ಇದೆ ಅಂತಲೇ ಹಾಕಿ. ಆ ಹುಡುಗನ ಮನೆಯವರು ಆ ಒಂದು ಶಬ್ದ ನೋಡಿದ್ರೆ ಪ್ಯಾಕೆಟ್ ವಾಪಸ್ ಇಡ್ತಿದ್ರು.

ಇನ್ನು ಎಳ್ಳು, ಸಾಸಿವೆ. ನಮ್ಮ 8ರ ಪಟ್ಟೀಲಿ ಇವೆರಡೂ ಇಲ್ಲ, ನಮ್ಮ ಅಡುಗೇಲಿ ಇವೆರಡೂ ಇಲ್ಲದ ಸಾಮಾನೇ ಕಮ್ಮಿ, ಇದು ನನಗೆ ಯಾವಾಗ್ಲೂ ವಿಚಿತ್ರ ಅನ್ಸತ್ತೆ. ಇರಲಿ. ಕಡ್ಡಾಯ ಇಲ್ಲದೇ ಇದ್ರೂ ನಿಮ್ಮ ಚಕ್ಕುಲೀಲಿ ಎಳ್ಳು ಇದ್ರೆ ಅಲರ್ಜಿ ಸಾಲಲ್ಲಿ ಸೇರಿಸಿ. ಹಾಗೇ ಕಡಲೆ, ಹೆಸರು, ಉದ್ದು ಥರ ಬೇಳೆಗಳಿಗೂ ಅಲರ್ಜಿ ಇರೋರು ಇದಾರೆ, ಅದಕ್ಕೆ ಪಟ್ಟೀಲಿ ಸುಮ್ನೆ "ಬೇಳೆ ಹಿಟ್ಟು" ಅಂತ ಬರೀದೇ ಯಾವ ಬೇಳೆ ಅಂತ ಹೆಸರು ಹೇಳಿ.

ಪದಾರ್ಥಗಳ ಪಟ್ಟಿ ಬರಿಯೋ ರೀತಿ ಸುಲಭ, ಮಾಡುವಾಗ ಹಾಕಿದ ತೂಕದ ಪ್ರಕಾರ ಜಾಸ್ತಿಯಿಂದ ಕಮ್ಮಿಗೆ. ನಿಮ್ಮ ಚಟ್ನಿಪುಡಿ ಒಂದು ಘಾಣಕ್ಕೆ ಉದಾಹರಣೆಗೆ ಶೇಂಗಾ 7 ಕೆಜಿ, ಖಾರದ ಪುಡಿ 1 ಕೆಜಿ 200, ಬೆಳ್ಳುಳ್ಳಿ 800 ಗ್ರಾಂ, ಉಪ್ಪು 600, ಜೀರಿಗೆ 250, ಬೆಲ್ಲ 150 ಹಾಕ್ತೀರಿ ಅಂದ್ಕೊಳ್ಳಿ, ಅದೇ ಕ್ರಮದಲ್ಲಿ ಹೆಸರು ಬರೀರಿ, ಮುಗೀತು. ಅಳತೆ ಬಟ್ಟಲಲ್ಲಿ ಮುಷ್ಟೀಲಿ ಹಾಕೋ ಅಭ್ಯಾಸ ಇದ್ರೆ ಒಂದು ದಿನ ಅತ್ತೆಯವರು ಹಾಕ್ತಾ ಹೋಗ್ಲಿ, ನೀವು ಪ್ರತಿ ಮುಷ್ಟಿ ಬೀಳೋ ಮುಂಚೆ ತಕ್ಕಡಿ ಮೇಲಿಟ್ಟು ಬರ್ಕೊಳ್ಳಿ, ಅವರು ಬೈತಾರೆ, ಬೈಸ್ಕೊಳ್ಳಿ. ಚಕ್ಕುಲಿಗೆ ಒಂದೇ ಕಷ್ಟ, ಎಣ್ಣೆ ಎಷ್ಟು ಹೀರ್ಕೊಂಡಿದೆ ಅನ್ನೋದು. ಕರಿಯೋ ಮುಂಚೆ ಬಾಣಲೆ ಸಮೇತ ಎಣ್ಣೆ ತೂಗಿ, ಮಧ್ಯ ಸುರಿದಿದ್ದನ್ನ ಕೂಡಿಸ್ಕೊಳ್ಳಿ, ಕರಿದು ಆರಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸನೇ ಚಕ್ಕುಲಿ ಒಳಗೆ ಹೋಗಿದ್ದು. ಹೆಚ್ಚು ಕಮ್ಮಿ ಯಾವಾಗ್ಲೂ ಎಣ್ಣೆ ಎರಡನೇ ಜಾಗಕ್ಕೆ ಬರತ್ತೆ, ಜನಕ್ಕೆ ಅದು ನೋಡಿ ಬೇಜಾರಾಗತ್ತೆ ಅಂತ ಕೊನೇಲಿ ಬರೆಯೋರನ್ನ ನೋಡಿದೀನಿ, ಹಾಗೆ ಮಾಡಬೇಡಿ. ಮತ್ತೆ "ಖಾದ್ಯ ತೈಲ" ಅಂತ ಬರೆದು ಕೈ ತೊಳ್ಕೊಳೋ ಹಾಗಿಲ್ಲ, ಶೇಂಗಾ ಎಣ್ಣೆನಾ ಸೂರ್ಯಕಾಂತಿನಾ ಪಾಮಾ ಅಂತ ಹೆಸರು ಬೇಕು.

ಅತ್ತೆಯವರ ಗುಟ್ಟಿನ ವಿಷಯ. ಅವರಿಗೆ ಹೇಳಿ, ಲೇಬಲ್ ಮೇಲೆ ತೂಕ ಬರಿಯಂಗಿಲ್ಲ, ಕ್ರಮ ಮಾತ್ರ. ಹುರಿಯೋ ಹದ, ಕುಟ್ಟೋ ಹದ ಯಾರೂ ಕೇಳಲ್ಲ. ಮಸಾಲೆ ಸಾಮಾನುಗಳನ್ನ ಒಂದೊಂದಾಗಿ ಬಿಡಿಸದೇ "ಮಸಾಲೆ ಪದಾರ್ಥಗಳು" ಅಂತ ಒಟ್ಟು ಹೆಸರಲ್ಲಿ ಬರಿಯಕ್ಕೂ ನಿಯಮದಲ್ಲಿ ಅವಕಾಶ ಇದೆ. ಅದರೊಳಗೆ ನಿಮ್ಮ ಮರಾಠಿ ಮೊಗ್ಗೋ ಕಲ್ಲು ಹೂವೋ ಸುಖವಾಗಿ ಅಡಗಿರತ್ತೆ. ಅಡಗಿಸಿಡಬಾರದ್ದು ಅಲರ್ಜಿ ಸಾಮಾನು ಮಾತ್ರ. ನೀವು ಹೊರಗಡೆಯಿಂದ ತಂದ ಮಿಶ್ರಣ, ಅಂದ್ರೆ ಇಂಗಿನ ಥರದ್ದು, ಒಟ್ಟು ತೂಕದಲ್ಲಿ 5 ಪರ್ಸೆಂಟ್‌ಗಿಂತ ಕಮ್ಮಿ ಇದ್ರೆ ಅದರ ಒಳಗಿನ ಪದಾರ್ಥ ಬಿಡಿಸಿ ಬರೀದಿದ್ರೂ ನಡೆಯತ್ತೆ ಅಂತ ಇನ್ನೊಂದು ಸಡಿಲಿಕೆ ಇದೆ, ಆದ್ರೆ ಅದನ್ನ ಅಲರ್ಜಿಗೂ ಎಳ್ಕೊಂಡು ಹೋಗಬೇಡಿ, ಇಂಗು ಅರ್ಧ ಪರ್ಸೆಂಟೇ ಇರಲಿ, ಗೋಧಿ ಗೋಧೀನೇ.

ಒಂದು ಕಡೆ ಮಾತ್ರ ಪರ್ಸೆಂಟ್ ಹೇಳಲೇಬೇಕಾಗತ್ತೆ. ಪ್ಯಾಕೆಟ್ ಮುಂದೆ "ಅಪ್ಪಟ ತುಪ್ಪದ ಉಂಡಿ" ಅಂತ ದೊಡ್ಡದಾಗಿ ಹಾಕಿ, ಬಾದಾಮಿ ರಾಶಿ ಫೋಟೋ ಹಾಕಿ ಜನರನ್ನ ಕರೀತೀರಿ ಅಂದ್ರೆ ಹಿಂದೆ ತುಪ್ಪ ಎಷ್ಟು ಪರ್ಸೆಂಟ್, ಬಾದಾಮಿ ಎಷ್ಟು ಪರ್ಸೆಂಟ್ ಅಂತ ಬರೀಬೇಕು. ಗುಟ್ಟು ಉಳೀಬೇಕು ಅಂದ್ರೆ ಫೋಟೋ ಕಮ್ಮಿ ಮಾಡಿ.

ಇನ್ನೊಂದು, "ಇರಬಹುದು" ಅನ್ನೋ ಸಾಲನ್ನ ಗುರಾಣಿ ಥರ ಬಳಸೋದು ಈಗ ಫ್ಯಾಶನ್ ಆಗಿದೆ, ಎಂಟಕ್ಕೆ ಎಂಟೂ ಹೆಸರು ಹಾಕಿ "ಇರಬಹುದು" ಅಂತ ಬರೆದು ಕೂತ್ಕೊಳ್ಳೋದು. ಸಸ್ಯಾಹಾರಿ ಮನೆಯಲ್ಲಿ ಮಾಡಿದ ಚಕ್ಕುಲಿ ಮೇಲೆ ಮೀನು, ಸೀಗಡಿ ಇರಬಹುದು ಅಂತ ನೋಡಿ ನನಗೆ ನಗೂನೂ ಬಂತು ಸಿಟ್ಟೂ ಬಂತು, ಅದು ಯಾರದೋ ಲೇಬಲ್ ಕಾಪಿ ಹೊಡೆದಿದ್ದು. ಎಲ್ಲ ಪ್ಯಾಕೆಟ್ ಮೇಲೂ ಎಲ್ಲ ಇದ್ರೆ ಅಲರ್ಜಿ ಇರೋ ಮಕ್ಕಳ ತಾಯಂದಿರು ಆ ಸಾಲು ಓದೋದೇ ಬಿಡ್ತಾರೆ. ಮೊದಲು ಬೆರೆಯೋದನ್ನ ಕಮ್ಮಿ ಮಾಡಿ, ಆಮೇಲೂ ಉಳಿದಿದ್ದನ್ನ ಬರೀರಿ. ನಿಮಗೆ ಖರ್ಚಿಲ್ಲದ ದಾರಿ ಅಂದ್ರೆ ದಿನ ಬೇರೆ ಮಾಡೋದು. ವಾರದಲ್ಲಿ ಮೊದಲು ಚಕ್ಕುಲಿ, ಎಲ್ಲ ಪ್ಯಾಕ್ ಆಗಿ ಸೀಲ್ ಆದ್ಮೇಲೆ ಉಂಡಿ, ಕೊನೇಗೆ ಚಟ್ನಿಪುಡಿ, ಅದಾದ್ಮೇಲೆ ಇಡೀ ಕೋಣೆ ಸೋಪಿನ ನೀರಲ್ಲಿ ತೊಳೆಯೋದು. ಶೇಂಗಾ ಸಿಪ್ಪೆ ಎಷ್ಟು ಹಗುರ ಅಂದ್ರೆ ಫ್ಯಾನ್ ಗಾಳಿಗೆ ಆ ಕಡೆ ರೂಮಿಗೂ ಹಾರತ್ತೆ, ಹುರಿದ ಶೇಂಗಾ ಕೇರೋ ದಿನ ಚಕ್ಕುಲಿ ಹಿಟ್ಟು ತೆರೆದಿಡಬೇಡಿ. ಮಿಕ್ಸಿ ಜಾರ್ ಒಂದು ಬೇರೆ ತಗೊಳ್ಳಿ, ಅದರ ಮುಚ್ಚಳದ ರಬ್ಬರ್ ರಿಂಗ್ ಸಂದೀಲಿ ಪುಡಿ ಎಷ್ಟು ತೊಳೆದ್ರೂ ಹೋಗಲ್ಲ, ಬೇಕಾದ್ರೆ ಈಗಲೇ ರಿಂಗ್ ತೆಗೆದು ಟಿಶ್ಯೂಲಿ ಒರೆಸಿ ನೋಡಿ.

ಭಾಷೆ ವಿಷಯ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಲ್ಲಿ ಇಲ್ಲಾ ದೇವನಾಗರಿ ಲಿಪಿಯ ಹಿಂದೀಲಿ ಇರಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ಅಂದ್ರೆ ಬರೀ ಕನ್ನಡದಲ್ಲಿ ಬರೆದ್ರೆ ಇನ್‌ಸ್ಪೆಕ್ಟರ್ ಒಪ್ಪಲ್ಲ. ಹಳ್ಳಿ ಸಂತೇಲಿ ಮಾರೋ ಶೇಂಗಾ ಪುಡಿ ಮೇಲೆ, ಅದನ್ನ ಕೊಳ್ಳೋರಿಗೆ ಓದಕ್ಕೆ ಬರೋ ಭಾಷೆ "ಜೊತೆಗೆ ಬೇಕಾದ್ರೆ" ಅನ್ನೋ ಲೆಕ್ಕಕ್ಕೆ ಬರೋದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾಗೋ ಸರಕಿನ ಮೇಲೆ ಹೆಸರು, ಬಳಸೋ ಸೂಚನೆ ಕನ್ನಡದಲ್ಲೂ ಇರಬೇಕು ಅನ್ನತ್ತೆ, ಆದ್ರೆ ಅದರಲ್ಲಿ ಅಲರ್ಜಿ ಅಂತ ಶಬ್ದ ಇಲ್ಲ. ನೀವು ಎರಡೂ ಮಾಡಿ. ಪೂರ್ತಿ ಲೇಬಲ್ ಇಂಗ್ಲಿಷಲ್ಲಿ, ಹೆಸರು ಮತ್ತು ಅಲರ್ಜಿ ಸಾಲು ದಪ್ಪ ಅಕ್ಷರದ ಕನ್ನಡದಲ್ಲಿ. ಜಾಗ ಸಾಲಲ್ಲ ಅಂದ್ರೆ ಅತ್ತೆಯವರ ಫೋಟೋ ಸಣ್ಣದು ಮಾಡಿ.

ಬಾಕಿ ವಿವರ ಬೇಗ ಹೇಳಿಬಿಡ್ತೀನಿ, ಇವು ಎಲ್ಲಾ ಕಡೆ ಸಿಗತ್ತೆ. ಎಫ್‌ಎಸ್‌ಎಸ್‌ಎಐ ಲೋಗೋ ಜೊತೆ ನಿಮ್ಮ 14 ಅಂಕಿ ಲೈಸೆನ್ಸ್ ಇಲ್ಲಾ ನೋಂದಣಿ ನಂಬರ್ ಬೇಕು, ಇನ್ನೂ ಮಾಡಿಸಿಲ್ಲ ಅಂದ್ರೆ ಅವರ ಫಾಸ್ಕಾಸ್ ಅನ್ನೋ ವೆಬ್‌ಸೈಟಲ್ಲಿ ಮೊದಲು ಅದು, ಅದಿಲ್ಲದೇ ಲೇಬಲ್ ಬಗ್ಗೆ ಮಾತಾಡೋದೇ ವೇಸ್ಟು. ಹಸಿರು ಚೌಕದೊಳಗೆ ಹಸಿರು ಚುಕ್ಕೆ. ತಯಾರಿಸಿದ ದಿನ, ಎಕ್ಸ್‌ಪೈರಿ ದಿನ ಎರಡೂ ಕಡ್ಡಾಯ, "ಬೆಸ್ಟ್ ಬಿಫೋರ್" ಒಂದೇ ಹಾಕಿದ್ರೆ ಸಾಲಲ್ಲ. ಬ್ಯಾಚ್ ನಂಬರ್, ನೀವು ದಿನಾಂಕವನ್ನೇ ಬ್ಯಾಚ್ ನಂಬರ್ ಮಾಡ್ಕೊಂಡ್ರೂ ಆಯ್ತು, ಆದ್ರೆ ಆ ಬ್ಯಾಚಲ್ಲಿ ಯಾವ ಇಂಗು ಯಾವ ಎಣ್ಣೆ ಹಾಕಿದ್ರಿ ಅಂತ ನೋಟ್‌ಬುಕ್ಕಲ್ಲಿ ಇರಬೇಕು, ಇಲ್ಲಾಂದ್ರೆ ಆ ನಂಬರ್ ಅಲಂಕಾರಕ್ಕೆ. ನಿವ್ವಳ ತೂಕ, ಎಲ್ಲಾ ತೆರಿಗೆ ಸೇರಿ ಎಂಆರ್‌ಪಿ, ಪೂರ್ತಿ ವಿಳಾಸ, ದೂರಿಗೆ ಫೋನ್ ನಂಬರ್, ಇವು ತೂಕ ಅಳತೆ ಇಲಾಖೆಯವರು ನೋಡೋದು. ಪೌಷ್ಟಿಕಾಂಶದ ಪಟ್ಟಿನ ಇಂಟರ್‌ನೆಟ್ಟಿಂದ ಎತ್ತಿ ಹಾಕಬೇಡಿ, ಎಫ್‌ಎಸ್‌ಎಸ್‌ಎಐ ಮಾನ್ಯತೆ ಇರೋ ಲ್ಯಾಬಲ್ಲಿ ಒಂದ್ಸಲ ಮಾಡಿಸಿ. ಲೇಬಲ್ ತಪ್ಪಿದ್ರೆ "ಮಿಸ್‌ಬ್ರ್ಯಾಂಡೆಡ್" ಅಂತ 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ 3 ಲಕ್ಷದವರೆಗೆ ದಂಡ ಹಾಕಬಹುದು, ಹೆದರಿಸಕ್ಕೆ ಹೇಳ್ತಿಲ್ಲ, ಅಂಗಡಿಯವರು ಲೇಬಲ್ ಬೇಕು ಅಂತ ಯಾಕೆ ಕೂತಿದಾರೆ ಅಂತ ಗೊತ್ತಾಗ್ಲಿ ಅಂತ.

ಚಕ್ಕುಲಿ ಅಕ್ಕೀದು ಅಂತ "ಗ್ಲುಟನ್ ಫ್ರೀ" ಅಂತ ಬರೆಯೋ ಆಸೆ ಬಂದ್ರೆ ತಡ್ಕೊಳ್ಳಿ. ಆ ಶಬ್ದಕ್ಕೆ ಲೆಕ್ಕ ಇದೆ, ಕೆಜಿಗೆ 20 ಮಿಲಿಗ್ರಾಂ ಮೀರಬಾರದು, ಅದನ್ನ ಲ್ಯಾಬ್ ರಿಪೋರ್ಟ್ ಹೇಳಬೇಕು, ಓಣಿ ಗಿರಣಿ ಹಿಟ್ಟಲ್ಲಿ ಅದು ಸಿಗೋದು ಕಷ್ಟ. "ಹೋಂ ಮೇಡ್" ಅನ್ನೋದಕ್ಕೂ 2018ರ ಜಾಹೀರಾತು ನಿಯಮದಲ್ಲಿ ಕತ್ತರಿ ಇದೆ, ಜನರಿಗೆ ತಪ್ಪು ಅರ್ಥ ಹೋಗೋ ಹಾಗೆ ಬಳಸಬಾರದು ಅಂತ. ನಿಮ್ಮದು ನಿಜವಾಗ್ಲೂ ಮನೇಲೇ ಮಾಡೋದು, ಆದ್ರೂ ವಾದ ಯಾಕೆ, ಊರ ಹೆಸರು ಹಾಕಿ. ಧಾರವಾಡ ಅಂದ್ರೆ ಸಾಕಲ್ಲ.

ಲಂಡನ್ ವಿಷಯಕ್ಕೆ ಬಂದ್ರೆ ಅಲ್ಲಿ ಪಟ್ಟಿ ಉದ್ದ, 14 ಅಲರ್ಜಿ ಪದಾರ್ಥ. ನಮ್ಮವುಗಳ ಜೊತೆಗೆ ಎಳ್ಳು, ಸಾಸಿವೆ, ಸೆಲರಿ, ಲೂಪಿನ್ ಅನ್ನೋ ಒಂದು ಕಾಳು, ಕಪ್ಪೆಚಿಪ್ಪಿನ ಜಾತಿ ಸೇರತ್ತೆ, ಶೇಂಗಾ ಮತ್ತು ನಟ್ಸ್ ಅಲ್ಲಿ ಬೇರೆ ಬೇರೆ ಲೆಕ್ಕ. ಅಲ್ಲಿ ಎಳ್ಳನ್ನ ಯಾಕೆ ಅಷ್ಟು ಗಟ್ಟಿಯಾಗಿ ಹಿಡೀತಾರೆ ಅಂದ್ರೆ, 2016ರಲ್ಲಿ ನಟಾಶಾ ಎಡ್ನಾನ್ ಲಾಪರೂಸ್ ಅನ್ನೋ 15 ವರ್ಷದ ಹುಡುಗಿ ಹೀಥ್ರೋ ಏರ್‌ಪೋರ್ಟಲ್ಲಿ ಒಂದು ಬ್ಯಾಗೆಟ್, ಅಂದ್ರೆ ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್, ತಗೊಂಡು ತಿಂದ್ಲು, ಹಿಟ್ಟಿನ ಒಳಗೇ ಎಳ್ಳು ಸೇರಿಸಿ ಬೇಯಿಸಿದ್ರು, ಮೇಲೆ ಕಾಣ್ತಿರಲಿಲ್ಲ, ಪ್ಯಾಕೆಟ್ ಮೇಲೂ ಇರಲಿಲ್ಲ. ಅಂಗಡೀಲೇ ಮಾಡಿ ಅಲ್ಲೇ ಪ್ಯಾಕ್ ಮಾಡಿದ್ದಕ್ಕೆ ಆಗ ಪೂರ್ತಿ ಪಟ್ಟಿ ಬೇಕಿರಲಿಲ್ಲ. ಹುಡುಗಿ ಅವತ್ತೇ ತೀರ್ಕೊಂಡ್ಲು. ಅವಳ ಅಪ್ಪ ಅಮ್ಮ ಹಿಂದೆ ಬಿದ್ದು 2021ರ ಅಕ್ಟೋಬರ್ 1ರಿಂದ ಅವಳ ಹೆಸರಲ್ಲೇ ಕರೆಯೋ ಕಾನೂನು ಬಂತು, ಈಗ ಹಾಗೆ ಅಲ್ಲಲ್ಲೇ ಪ್ಯಾಕ್ ಮಾಡಿದ್ದಕ್ಕೂ ಪದಾರ್ಥಗಳ ಪೂರ್ತಿ ಪಟ್ಟಿ ಬೇಕು. ನಿಮ್ಮಂಥ ಮೊದಲೇ ಪ್ಯಾಕ್ ಮಾಡಿ ಕಳಿಸೋ ಮಾಲಿಗೆ ಮುಂಚಿನಿಂದಲೂ ಪೂರ್ತಿ ಪಟ್ಟಿ ಕಡ್ಡಾಯನೇ.

ಅಲ್ಲಿಯ ಪದ್ಧತಿ ಬೇರೆ, ಅಲರ್ಜಿ ಪದಾರ್ಥವನ್ನ ಪಟ್ಟಿ ಒಳಗೇ ದಪ್ಪ ಅಕ್ಷರದಲ್ಲಿ ಎದ್ದು ಕಾಣೋ ಹಾಗೆ ಮಾಡಬೇಕು. ಇಲ್ಲಿಯ ಲೇಬಲ್ ಕಳಿಸಿದ್ರೆ ನಡೆಯಲ್ಲ. ಶೇಂಗಾ ಎಣ್ಣೆಗೆ ನಮ್ಮಲ್ಲಿರೋ ರಿಯಾಯ್ತಿ ಅಲ್ಲಿ ಇಲ್ಲ. ತರಿಸ್ಕೊಳೋರ ಅಲ್ಲಿಯ ವಿಳಾಸವೂ ಇರಬೇಕು, ಅಂದ್ರೆ ನಾದಿನಿ ಸೂಟ್‌ಕೇಸಲ್ಲಿ ಒಯ್ದು ಅಂಗಡಿಗೆ ಕೊಡೋ ಲೆಕ್ಕ ಇದಲ್ಲ, ಸರಿಯಾಗಿ ಆಮದು ಮಾಡ್ಕೊಳೋರು ಬೇಕು. ಬೆಣ್ಣೆ ಚಕ್ಕುಲಿ, ತುಪ್ಪದ ಉಂಡಿ ಎರಡಕ್ಕೂ ಹಾಲಿನ ಪದಾರ್ಥದ ಆಮದು ನಿಯಮ ಅಡ್ಡ ಬರತ್ತೆ, ಅದನ್ನ ಮೊದಲು ಬಿಡಿ. ಲಂಡನ್‌ಗೆ ಏನಾದ್ರೂ ಶುರು ಮಾಡೋದಿದ್ರೆ ಚಟ್ನಿಪುಡಿಯಿಂದ ಮಾಡಿ, ಅದರಲ್ಲಿ ಶೇಂಗಾ ಇದೆ ಅಂತ ಹೆಸರಲ್ಲೇ ಇದೆ, ಇಂಗೂ ಇಲ್ಲ.

ಸದ್ಯಕ್ಕೆ ನಿಮ್ಮ ಬೆಣ್ಣೆ ಚಕ್ಕುಲಿಗೆ ನೀವು ಬರೆದಿದ್ದು, ನಾನು ಊಹಿಸಿದ್ದು ಸೇರಿಸಿ ಹೀಗೆ ಬರಬಹುದು, ತೂಕ ತೂಗಿದ ಮೇಲೆ ಕ್ರಮ ತಿದ್ದಿಕೊಳ್ಳಿ:

ಪದಾರ್ಥಗಳು: ಅಕ್ಕಿ ಹಿಟ್ಟು, ಶೇಂಗಾ ಎಣ್ಣೆ, ಹುರಿಗಡಲೆ ಹಿಟ್ಟು, ಉದ್ದಿನ ಹಿಟ್ಟು, ಬೆಣ್ಣೆ (ಇಷ್ಟು ಪರ್ಸೆಂಟ್), ಬಿಳಿ ಎಳ್ಳು, ಉಪ್ಪು, ಓಮ, ಇಂಗು (ಗೋಂದು, ಗೋಧಿ ಹಿಟ್ಟು, ಇಂಗು). ಅಲರ್ಜಿ: ಹಾಲು, ಗೋಧಿ, ಶೇಂಗಾ, ಎಳ್ಳು ಇದೆ. ಬಾದಾಮಿ, ಗೋಡಂಬಿ ಇರಬಹುದು.

ಬೆಣ್ಣೆಗೆ ಪರ್ಸೆಂಟ್ ಯಾಕೆ ಅಂದ್ರೆ ಹೆಸರಲ್ಲೇ ಬೆಣ್ಣೆ ಅಂತ ಕರೆದಿದೀರಿ. ನಾಳೆ ಶೇಂಗಾ ಎಣ್ಣೆ ರೇಟ್ ಏರ್ತು ಅಂತ ಸೂರ್ಯಕಾಂತಿಗೆ ಹೋದ್ರೆ ಹಳೇ ಸ್ಟಿಕ್ಕರ್ ನಡೆಯಲ್ಲ, ಅದಕ್ಕೆ ಒಂದೇ ಸಲ ಐದು ಸಾವಿರ ಪ್ರಿಂಟ್ ಹಾಕಿಸಬೇಡಿ, ಕಮ್ಮಿ ರೇಟಿಗೆ ಸಿಗತ್ತೆ ಅಂತ ಪ್ರೆಸ್‌ನವರು ಆಸೆ ತೋರಿಸ್ತಾರೆ, ಐನೂರು ಸಾಕು. ವಾಟ್ಸಾಪ್ ಕ್ಯಾಟಲಾಗಲ್ಲಿ ಪ್ಯಾಕೆಟ್ ಮುಂಭಾಗದ ಫೋಟೋ ಒಂದೇ ಇದ್ರೆ ಈ ಹಿಂದಿನ ಭಾಗದ್ದೂ ಒಂದು ಹಾಕಿ, ದುಡ್ಡು ಕಳಿಸೋ ಮುಂಚೆ ಜನ ಓದೋ ಹಾಗಿರಬೇಕು.

ಆಮೇಲೆ ಬೆಂಗಳೂರಿನ ಆ ತಾಯಿಗೆ ನೀವೇ ಫೋನ್ ಮಾಡಿ. "ಶೇಂಗಾ ಹಾಕಿಲ್ಲ" ಅಂತ ವಾದ ಮಾಡೋದು ಬೇಡ, ಎಣ್ಣೆ ಯಾವುದು, ಮಿಕ್ಸಿ ಯಾವುದು ಅಂತ ಇದ್ದಿದ್ದು ಇದ್ದ ಹಾಗೆ ಹೇಳಿ, ಅವರು ಅದನ್ನ ಡಾಕ್ಟರಿಗೆ ಹೇಳಬೇಕಾಗತ್ತೆ. ಮನೇಲಿ ಆ ಪ್ಯಾಕೆಟ್ ಇನ್ನೂ ಉಳಿದಿದ್ರೆ ಹುಡುಗನ ಕೈಗೆ ಸಿಗದ ಹಾಗೆ ಎತ್ತಿಡಕ್ಕೆ ಹೇಳಿ, ಅದೇ ದಿನದ ಪ್ಯಾಕೆಟ್ ಬೇರೆ ಯಾರ್ಯಾರಿಗೆ ಹೋಗಿದೆ ನೋಡಿ ಅವರಿಗೂ ಒಂದು ಮೆಸೇಜ್ ಹಾಕಿ.